ಫ್ರಿಡ್ಜ್ ಮೇಲಿನ ಪಟ್ಟಿ

ಬೆಳಿಗ್ಗೆ ಕಾಫಿಗೆ ಹಾಲು ತೆಗೆಯಲು ಹೋದೆ. ಫ್ರಿಡ್ಜ್ ಬಾಗಿಲ ಮೇಲೆ ಮಗಳು ಅಂಟಿಸಿದ ಕಾಲೇಜುಗಳ ಪಟ್ಟಿ. ಕೊನೆಯ ಕಾಲಂಗೆ ಪೆನ್ಸಿಲ್‌ನಲ್ಲಿ ಹೊಸ ಹೆಸರು ಕೊಟ್ಟಿದ್ದಾಳೆ: "ಇಲ್ಲಿಗೆ ಖುಷಿಯಿಂದ ಹೋಗ್ತೀನಾ?"

ಸುಮ್ನೆ ನಿಂತುಬಿಟ್ಟೆ.

ಇಲ್ಲಿ ಅಮೆರಿಕದಲ್ಲಿ ಸೇಫ್ಟಿ ಕಾಲೇಜು ಅಂದರೆ ಸೀಟು ಖಂಡಿತ ಸಿಗುವ ಜಾಗ ಅಂತಷ್ಟೇ ಅಂದುಕೊಂಡಿದ್ದೆ. ಸೀಟು ಸಿಕ್ಕಿಯೂ ಫೀಸು ಕಟ್ಟಲು ಆಗದಿದ್ದರೆ ಅದು ಸೇಫ್ಟಿ ಹೇಗಾಗುತ್ತದೆ, ಅಲ್ವಾ? ಹಾರ್ವರ್ಡ್, ಯೇಲ್ ಥರದ ಹೆಸರಾಂತ ಐವಿ ಲೀಗ್‌ನ 8 ಕಾಲೇಜುಗಳು ಅಂಕ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ, ಅಲ್ಲಿ ಮನೆಯ ಸ್ಥಿತಿ ನೋಡಿ ನೆರವು. ಆದರೆ ಅಲಬಾಮಾ ಯೂನಿವರ್ಸಿಟಿ ಬೇರೆ ರಾಜ್ಯದ ಮಕ್ಕಳಿಗೂ ಇಷ್ಟು ಜಿಪಿಎ (ಕ್ಲಾಸಿನ ಗ್ರೇಡುಗಳ ಸರಾಸರಿ), ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಇಷ್ಟು ಅಂಕಕ್ಕೆ ಇಷ್ಟು ಹಣ ಅಂತ ವೆಬ್‌ಸೈಟಿನಲ್ಲಿ ಮೊದಲೇ ಹಾಕಿಬಿಡುತ್ತದೆ. ಆ ಲೆಕ್ಕ ನೋಡಿದ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಮಕ್ಕಳು 12ನೇ ಕ್ಲಾಸಿಗೆ ಬಂದಿರುವ ಗೆಳೆಯರೇ, ಕಾಲೇಜಿನ ವೆಬ್‌ಸೈಟಿನಲ್ಲಿ ನೆರವು ಕಳೆದು ನಮ್ಮ ಕೈಯಿಂದ ಸುಮಾರು ಎಷ್ಟು ಹೋಗುತ್ತದೆ ಅಂತ ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ, ಅದನ್ನು ಈಗಲೇ ತುಂಬಿ ನೋಡಿ. ಕೆಲವು ಕಡೆ ಅದು ಮೆರಿಟ್ ಹಣವನ್ನು ಸೇರಿಸುವುದಿಲ್ಲ, ಹಾಗಾಗಿ ಸ್ಕಾಲರ್‌ಶಿಪ್ ಪುಟವನ್ನೂ ಓದಿ. 4 ವರ್ಷವೂ ಸಿಗುತ್ತದಾ, ಅದಕ್ಕೆ ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು, ಇದನ್ನು ಕೇಳದೆ ಬಿಡಬೇಡಿ.

ನಾನು ಇಷ್ಟು ದಿನ ದುಡ್ಡಿನ ಕಾಲಂ ಮಾತ್ರ ತುಂಬುತ್ತಿದ್ದೆ. ಅವಳು ಅಲಬಾಮಾದ ಮುಂದೆ "ಹೂಂ" ಅಂತ ಬರೆದು, ರಬ್ಬರಿನಲ್ಲಿ ಅಳಿಸಿ, ಮತ್ತೆ ಬರೆದಿದ್ದಾಳೆ. ಕಾಗದ ಅಲ್ಲಿ ಸ್ವಲ್ಪ ಸವೆದಿದೆ.

ಸಂಜೆ ಸ್ಕೂಲಿಂದ ಬಂದಮೇಲೆ ಅವಳ ಜೊತೆ ಕೂತು ಮಾತಾಡಬೇಕು.