ಕೆಪಾಸಿಟರ್ ಕೊಟ್ಟ ಅಂಗಡಿ, ಫ್ರಿಜ್ ಕೊಟ್ಟ ಮಳಿಗೆ

ಕಳೆದ ಬೇಸಿಗೆಯಲ್ಲಿ ಒಂದೇ ತಿಂಗಳೊಳಗೆ ನಮ್ಮ ಮೈಸೂರಿನ ಮನೆಯಲ್ಲಿ ಎರಡು ಯಂತ್ರಗಳು ಕೈಕೊಟ್ಟವು. ಮೊದಲು ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಅರ್ಧ ಎಚ್‌ಪಿ ಮೋಟರು. ಅದಾದ ಮೂರು ವಾರಕ್ಕೆ, 14 ವರ್ಷ ದುಡಿದಿದ್ದ ಫ್ರಿಜ್. ಮೋಟರಿಗಾಗಿ ನಮ್ಮ ಬೀದಿಯ ತುದಿಯಲ್ಲಿರುವ ಹಾರ್ಡ್‌ವೇರ್ ಅಂಗಡಿಗೆ ಹೋದೆ, ಫ್ರಿಜ್ಜಿಗಾಗಿ ಅಮ್ಮನನ್ನೂ ಕರೆದುಕೊಂಡು ಮೂರು ಮಹಡಿಯ ಹವಾನಿಯಂತ್ರಿತ ಮಳಿಗೆಯೊಂದಕ್ಕೆ ಹೋದೆ. ಸಣ್ಣ ಅಂಗಡಿಯೋ ದೊಡ್ಡ ಮಳಿಗೆಯೋ ಎಂಬ ಚರ್ಚೆ ನಮ್ಮಲ್ಲಿ ಯಾವಾಗಲೂ ಬೆಲೆಯಿಂದ ಶುರುವಾಗಿ ಬೆಲೆಯಲ್ಲೇ ಮುಗಿಯುತ್ತದೆ. ಈ ಎರಡು ಖರೀದಿಗಳ ನಂತರ, ನಮಗೆ ಸಲಹೆ ಕೊಡುವವನಿಗೆ ಹಣ ಕೊಡುತ್ತಿರುವವರು ಯಾರು ಎಂಬುದನ್ನು ಮೊದಲು ಕೇಳಬೇಕೆಂದು ನನಗೆ ಅನ್ನಿಸತೊಡಗಿದೆ.

ಹಾರ್ಡ್‌ವೇರ್ ಅಂಗಡಿ 10 ಅಡಿ ಅಗಲವಿದ್ದರೆ ಹೆಚ್ಚು. ಬಾಗಿಲ ಬಳಿ ಪಿವಿಸಿ ಪೈಪುಗಳು ಗೋಡೆಗೆ ಒರಗಿ ನಿಂತಿರುತ್ತವೆ. ಗಲ್ಲಾದ ಹಿಂದೆ ಸೂರಿನವರೆಗೂ ಡಬ್ಬಗಳು, ಪ್ರತಿಯೊಂದು ಡಬ್ಬದ ಮುಖಕ್ಕೂ ಒಳಗಿರುವ ವಸ್ತುವಿನದೇ ಒಂದು ಮಾದರಿಯನ್ನು ತಂತಿಯಿಂದ ಕಟ್ಟಿದ್ದಾರೆ. ಅರ್ಧ ಇಂಚಿನ ನಿಪ್ಪಲ್, ಮುಕ್ಕಾಲು ಇಂಚಿನ ಎಲ್ಬೋ, ನಲ್ಲಿಯ ವಾಷರ್ ಎಲ್ಲವೂ ಹಾಗೆ ತೂಗಾಡುತ್ತಿರುತ್ತವೆ. ಹೆಸರು ಗೊತ್ತಿಲ್ಲದ ಗಿರಾಕಿ ಬೆರಳು ತೋರಿಸಿದರೆ ಸಾಕು.

ಹೊಸ ಮೋಟರು ಬೇಕು ಎಂದೆ. ಯಜಮಾನರು ಯಾವ ಕಂಪನಿಯದು, ಎಷ್ಟರೊಳಗೆ ಎಂದು ಕೇಳಲಿಲ್ಲ. "ಸ್ವಿಚ್ ಹಾಕಿದ್ರೆ ಗುಂಯ್ ಅನ್ನುತ್ತಾ, ಇಲ್ಲಾ ಸದ್ದೇ ಬರಲ್ವಾ ಸಾರ್?" ಎಂದರು. ಗುಂಯ್ ಅನ್ನುತ್ತದೆ, ಆದರೆ ತಿರುಗುವುದಿಲ್ಲ ಎಂದೆ. "ಮೇನ್ ಆಫ್ ಮಾಡಿ, ಹಿಂದ್ಗಡೆ ಫ್ಯಾನ್ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದ್ರೆ ಮೋಟರಿಗೆ ಏನೂ ಆಗಿಲ್ಲ, ಕೆಪಾಸಿಟರ್ ಹೋಗಿದೆ. ಹಳೇದನ್ನ ಬಿಚ್ಚಿಸ್ಕೊಂಡು ತನ್ನಿ, ಅದರ ಮೇಲಿರೋ ನಂಬರ್ ನೋಡದೆ ನಾನು ಕೊಡಲ್ಲ."

ಮನೆಗೆ ಹಿಂದಿರುಗಿ ತಿರುಗಿಸಿ ನೋಡಿದೆ, ಸಲೀಸಾಗಿಯೇ ತಿರುಗಿತು. ಸಿಂಗಲ್ ಫೇಸ್ ಮೋಟರು ನಿಂತ ಸ್ಥಿತಿಯಿಂದ ತಾನಾಗಿಯೇ ತಿರುಗಲು ಆರಂಭಿಸಲಾರದು. ಅದರ ಎರಡನೆಯ ಸುರುಳಿಗೆ ಹರಿಯುವ ವಿದ್ಯುತ್ತನ್ನು ಕೆಪಾಸಿಟರ್ ಸ್ವಲ್ಪ ಹಿಂದುಮುಂದಾಗಿಸಿ ಆರಂಭದ ನೂಕು ಕೊಡಬೇಕು. ಅದು ಸತ್ತರೆ ಮೋಟರು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ, ಅಷ್ಟೇ. ಎಲೆಕ್ಟ್ರಿಷಿಯನ್ ಬಿಚ್ಚಿಕೊಟ್ಟ ಹಳೆಯ ಡಬ್ಬಿಯ ಮೇಲೆ 10 ಮೈಕ್ರೋಫ್ಯಾರಡ್ ಎಂದಿತ್ತು. ಹೊಸದಕ್ಕೆ 130 ರೂಪಾಯಿ ಕೊಟ್ಟೆ. ಹೊಸ ಮೋಟರನ್ನೇ ಕೊಟ್ಟು ಕಳಿಸಿದ್ದರೆ ನಾನು ಮರುಮಾತಿಲ್ಲದೆ ಕೆಲವು ಸಾವಿರ ರೂಪಾಯಿ ಎಣಿಸಿ ಬರುತ್ತಿದ್ದೆ ಎಂಬುದು ಅವರಿಗೂ ಗೊತ್ತಿತ್ತು.

ಇದರಿಂದ ಅವರನ್ನು ಸಂತರ ಸಾಲಿಗೆ ಸೇರಿಸುವ ಉದ್ದೇಶ ನನಗಿಲ್ಲ. ಈ ವ್ಯಾಪಾರದಲ್ಲಿ ಪ್ಲಂಬರು ಚೀಟಿ ಬರೆದುಕೊಟ್ಟು ಮಾಲೀಕರನ್ನು ಯಾವ ಅಂಗಡಿಗೆ ಕಳಿಸುತ್ತಾನೋ ಆ ಅಂಗಡಿಯಿಂದ ಅವನಿಗೆ ಕಮಿಷನ್ ಸಲ್ಲುವುದು ಹಳೆಯ ರೂಢಿ, ಮತ್ತು ಆ ಕಮಿಷನ್ ಕೊನೆಗೆ ನಮ್ಮ ಬೆಲೆಯಲ್ಲೇ ಸೇರಿರುತ್ತದೆ. ಬಣ್ಣದ ಡಬ್ಬದೊಳಗೆ ಪೇಂಟರಿಗೆಂದು, ಮರಗೆಲಸದ ಅಂಟಿನ ಡಬ್ಬದೊಳಗೆ ಬಡಗಿಗೆಂದು ಕಂಪನಿಗಳೇ ಟೋಕನ್ ಇಟ್ಟು ಕಳಿಸುವುದೂ ಹೊಸತಲ್ಲ. ಹಾಗಾಗಿ ಪೇಂಟರು "ಇದೇ ಕಂಪನಿಯದು ತನ್ನಿ, ಬೇರೇದು ನಿಲ್ಲಲ್ಲ" ಎಂದು ಪಟ್ಟು ಹಿಡಿದಾಗ ಅದರಲ್ಲಿ ಅನುಭವದ ಪಾಲೆಷ್ಟು, ಟೋಕನ್ನಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಾನು ಕಂಡುಕೊಂಡ ಉಪಾಯವೆಂದರೆ, ಕೆಲಸದವರ ಚೀಟಿ ಹಿಡಿಯದೆ ಒಬ್ಬನೇ ಹೋಗುವುದು ಮತ್ತು ಬೇಕಾದ ವಸ್ತುವಿನ ಹೆಸರು ಹೇಳುವ ಬದಲು ಆಗಿರುವ ತೊಂದರೆಯನ್ನು ಹೇಳುವುದು. ಆಗ ಯಜಮಾನರ ಲೆಕ್ಕದಲ್ಲಿ ಇರುವುದು ನಾನೊಬ್ಬನೇ. ತಪ್ಪು ಮಾಲು ಕೊಟ್ಟರೆ ಸಂಜೆಯೊಳಗೆ ಅದೇ ಗಲ್ಲಾದ ಮುಂದೆ, ನಾಲ್ಕು ಜನರೆದುರು ಬಂದು ನಿಲ್ಲುವವನೂ ನಾನೇ.

ಇನ್ನು ದೊಡ್ಡ ಮಳಿಗೆ. ಅಲ್ಲಿ ಒಂದೇ ನೋಟಕ್ಕೆ ಮೂವತ್ತು ನಲವತ್ತು ಫ್ರಿಜ್‌ಗಳು ಕಾಣುತ್ತವೆ, ಬಾಗಿಲು ತೆರೆದು ಒಳಗೆ ಕೈ ಹಾಕಿ ನೋಡಬಹುದು. ಈ ಅನುಕೂಲವನ್ನು ಯಾವ ಸಣ್ಣ ಅಂಗಡಿಯೂ ಕೊಡಲಾರದು. ಒಂದೇ ಬಗೆಯ ಶರ್ಟು ತೊಟ್ಟ ಯುವಕರು ನಗುತ್ತಾ ಎದುರಾಗುತ್ತಾರೆ. ಅವರೆಲ್ಲ ಮಳಿಗೆಯ ನೌಕರರೆಂದೇ ನಾವು ತಿಳಿಯುತ್ತೇವೆ. ಅವರಲ್ಲಿ ಹಲವರು ಒಂದೊಂದು ಕಂಪನಿಯ ಪರವಾಗಿ ನಿಂತಿರುವ ಪ್ರಮೋಟರುಗಳು. ಒಬ್ಬ ನಮ್ಮನ್ನು ಎಡಗಡೆಯ ಸಾಲಿಗೆ ಕರೆದೊಯ್ದರೆ ಇನ್ನೊಬ್ಬ ಬಲಗಡೆಗೆ ಎಳೆಯುವುದೇಕೆ ಎಂಬುದು ಆಗ ಅರ್ಥವಾಗುತ್ತದೆ. "ನೀವು ಯಾವ ಕಂಪನಿಯವರು?" ಎಂದು ನೇರವಾಗಿ ಕೇಳಿದಾಗ ನಮಗೆ ಫ್ರಿಜ್ ತೋರಿಸುತ್ತಿದ್ದ ಹುಡುಗ ಮುಚ್ಚಿಡದೆ ಹೇಳಿದ, ಅದನ್ನು ಮೆಚ್ಚಲೇಬೇಕು.

ಆದರೆ ಅಂದಿನ ಖರೀದಿಯನ್ನು ತೀರ್ಮಾನಿಸಿದ್ದು ಅಮ್ಮನ ಕೈಚೀಲದಲ್ಲಿದ್ದ ಒಂದು ದಾರ. ದೋಸೆ ಹಿಟ್ಟಿನ ಪಾತ್ರೆಯನ್ನು ಮುಚ್ಚಳ ಸಹಿತ ಅಳೆದು, ಆ ಎತ್ತರಕ್ಕೆ ಗಂಟು ಹಾಕಿ ತಂದಿದ್ದಳು. ಇನ್ವರ್ಟರ್ ಕಂಪ್ರೆಸರ್, ಕನ್ವರ್ಟಿಬಲ್ ಫ್ರೀಜರ್ ಎಂದು ಹುಡುಗ ವಿವರಿಸುತ್ತಿದ್ದರೆ ಇವಳು ಒಂದೊಂದೇ ಬಾಗಿಲು ತೆಗೆದು, ಗಾಜಿನ ಎರಡು ತಟ್ಟೆಗಳ ನಡುವೆ ದಾರ ಹಿಡಿದು, "ಇದ್ರಲ್ಲಿ ಹಿಡಿಯಲ್ಲ" ಎಂದು ಮುಂದಕ್ಕೆ ಹೋಗುತ್ತಿದ್ದಳು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಹುಡುಗನಿಗೆ ವಿಷಯ ಹೊಳೆಯಿತು. ಭಾಷಣ ನಿಲ್ಲಿಸಿ ತಾನೇ ಮಂಡಿಯೂರಿ, ಮೇಲಿನ ತಟ್ಟೆಯನ್ನು ಎತ್ತಿ ಒಂದು ಹಂತ ಮೇಲಕ್ಕೆ ಜೋಡಿಸಿ, "ಈಗ ನೋಡಿ ಅಮ್ಮಾ" ಎಂದ. ಗಂಟು ಸರಿಯಾಗಿ ಕೂತಿತು.

ನಾನು ನೋಡಿದ್ದು ಬಾಗಿಲ ಮೇಲಿನ, ವಿದ್ಯುತ್ ಉಳಿತಾಯ ಸೂಚಿಸುವ ನಕ್ಷತ್ರಗಳ ಚೀಟಿಯನ್ನು. ನಕ್ಷತ್ರಗಳ ಜೊತೆಗೆ ವರ್ಷಕ್ಕೆ ಎಷ್ಟು ಯೂನಿಟ್ ಖರ್ಚಾಗುತ್ತದೆ ಎಂಬುದೂ, ಆ ಚೀಟಿ ಯಾವ ಅವಧಿಯದು ಎಂಬುದೂ ಅದರಲ್ಲಿರುತ್ತದೆ. ಮಾನದಂಡವನ್ನು ಆಗಾಗ ಬಿಗಿಗೊಳಿಸುವುದರಿಂದ ಹಳೆಯ ಚೀಟಿಯ ಐದು ನಕ್ಷತ್ರ ಹೊಸದರಲ್ಲಿ ನಾಲ್ಕಕ್ಕೆ ಇಳಿದಿರಬಹುದು. ಹಬ್ಬದ ಮಾರಾಟದಲ್ಲಿ ಇದನ್ನು ಯಾರೂ ಕೂಗಿ ಹೇಳುವುದಿಲ್ಲ.

ಹಣ ಕಟ್ಟುವ ಕೌಂಟರಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಬಡ್ಡಿಯಿಲ್ಲದ ಕಂತು ತೆಗೆದುಕೊಳ್ಳಿ ಎಂದು ಅಲ್ಲಿದ್ದವರು ಒತ್ತಾಯಿಸಿದರು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಈಗಿನ ನೋ ಕಾಸ್ಟ್ ಕಂತಿನಲ್ಲಿಯೂ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ತೋರಿಸಿ ಸರಿದೂಗಿಸುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ, ಹಲವು ಬಾರಿ ಸಂಸ್ಕರಣಾ ಶುಲ್ಕವೂ ನಮ್ಮ ತಲೆಗೆ ಬರುತ್ತದೆ. ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟಾಗುತ್ತದೆ ಎಂದು ಕೇಳಿದೆ. ಮ್ಯಾನೇಜರ್ ಒಳಗೆ ಹೋಗಿ ಬಂದು 1,500 ರೂಪಾಯಿ ಇಳಿಸಿದರು. ದೊಡ್ಡ ಮಳಿಗೆಯಲ್ಲಿ ಚೌಕಾಸಿ ನಡೆಯುವುದಿಲ್ಲ ಎಂಬ ನನ್ನ ಬಹುದಿನದ ನಂಬಿಕೆ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಬಿಲ್ಲಿನ ವಿಷಯದಲ್ಲಿ ನಾನು ದೊಡ್ಡ ಮಳಿಗೆಯ ಪಕ್ಷ. ಕೆಲವು ವರ್ಷಗಳ ಹಿಂದೆ ಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಗೀಸರ್ ಕೊಂಡಿದ್ದೆ. "ಬಿಲ್ ಬೇಕಂದ್ರೆ ಟ್ಯಾಕ್ಸ್ ಬೇರೆ ಆಗುತ್ತೆ" ಎಂದರು, ನಾನು ಬೇಡವೆಂದೆ. ಹತ್ತನೆಯ ತಿಂಗಳಿಗೆ ಅದು ಸೋರತೊಡಗಿದಾಗ ಬಿಲ್ಲಿಲ್ಲದ, ಮೊಹರಿಲ್ಲದ ಗ್ಯಾರಂಟಿ ಕಾರ್ಡು ಕಾಗದದ ಚೂರಾಗಿ ಉಳಿಯಿತು. ಅಂದು ಆಸೆಪಟ್ಟ ತಪ್ಪು ನನ್ನದೂ ಹೌದು. ಆದರೆ ಆ ಮಾತೇ ಸುಳ್ಳೆಂದು ಆಮೇಲೆ ತಿಳಿಯಿತು. ಡಬ್ಬದ ಮೇಲಿನ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ, ಅದರ ಮೇಲೆ ತೆರಿಗೆ ಕೇಳುವಂತಿಲ್ಲ. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ಶೇ. 1ರಷ್ಟು ಕಟ್ಟುವ ರಾಜಿ ತೆರಿಗೆ ಪದ್ಧತಿಯನ್ನು ಒಪ್ಪಿಕೊಂಡ ವ್ಯಾಪಾರಿಯಂತೂ ಗಿರಾಕಿಯಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲು ಮಾಡುವ ಹಾಗೇ ಇಲ್ಲ.

2025ರ ಜುಲೈನಲ್ಲಿ ಯುಪಿಐ ಜಮೆಗಳ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡು ಮರೆಯಾಗಿ "ನಗದು ಮಾತ್ರ" ಎಂಬ ಫಲಕಗಳು ಎದ್ದವು. ಹಾಲು ತರಕಾರಿಯಂಥ ತೆರಿಗೆಯೇ ಇಲ್ಲದ ವಸ್ತುಗಳ ಮಾರಾಟವನ್ನೂ ಕೂಡಿಸಿ ಲೆಕ್ಕ ಕೇಳಿದರೆಂಬ ವ್ಯಾಪಾರಿಗಳ ಕೂಗು ನ್ಯಾಯವಾದದ್ದೇ. ಅವರ ಪರ ಮರುಗುವಾಗಲೂ, ಬಿಲ್ಲು ಕೇಳಿದವನನ್ನು ಶತ್ರುವಿನಂತೆ ನೋಡುವ ಅಂಗಡಿಗಳು ನನಗೆ ನೆನಪಾಗದೆ ಇರಲಿಲ್ಲ.

ಫ್ರಿಜ್ ಮೂರನೆಯ ದಿನ ಬಂತು. ತಂದವರು ನಡುಮನೆಯಲ್ಲಿಳಿಸಿ, ಸಹಿ ಹಾಕಿಸಿಕೊಂಡು, ಉಳಿದದ್ದಕ್ಕೆ ಕಂಪನಿಯವರು ಬರುತ್ತಾರೆ ಎಂದು ಹೊರಟರು. ಅಡುಗೆಮನೆಯ ಸಾಕೆಟ್ಟು 6 ಆಂಪಿನದು, ಪ್ಲಗ್ಗಿನ ಪಿನ್ನುಗಳು ಅದಕ್ಕಿಂತ ದಪ್ಪ. ನಾನು ಮತ್ತೆ ಬೀದಿಯ ತುದಿಗೆ ನಡೆದು, ಒಂದು ಅಡಾಪ್ಟರ್ ಕೊಡಿ ಎಂದೆ. ತೊಂದರೆ ಹೇಳುವ ಬದಲು ವಸ್ತುವಿನ ಹೆಸರು ಹೇಳಿದ್ದೆ, ನನ್ನದೇ ನಿಯಮ ಮರೆತಿದ್ದೆ.

"ಯಾತಕ್ಕೆ?" ಎಂದರು ಯಜಮಾನರು. ಹೇಳಿದೆ. "ಫ್ರಿಜ್ಜಿಗೆ ಅಡಾಪ್ಟರ್ ಹಾಕ್ಬೇಡಿ ಸಾರ್, ಬಿಸಿಯಾಗಿ ಕರಗಿ ಹೋಗುತ್ತೆ. ಆ ಪಾಯಿಂಟಿಗೆ ಎಳೆದಿರೋ ವೈರು ಒಂದೂವರೆ ಸ್ಕ್ವೇರೋ ಎರಡೂವರೆಯೋ? ನೋಡಿಸ್ಕೊಂಡು ಬನ್ನಿ, ಆಮೇಲೆ ಕೊಡ್ತೀನಿ."

ಎರಡೂವರೆ ಚದರ ಮಿಲಿಮೀಟರಿನ ದಪ್ಪ ವೈರೇ ಇತ್ತು. ಸಂಜೆ 16 ಆಂಪಿನ ಸಾಕೆಟ್ಟು, ಸ್ವಿಚ್ಚು ತೆಗೆದುಕೊಂಡು, ಬಿಲ್ಲು ಕೊಡಿ ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ, ಗಲ್ಲಾದ ಕೆಳಗಿನಿಂದ ಬಿಲ್ ಪುಸ್ತಕ ಹೊರತೆಗೆದು, ಧೂಳು ಕೊಡವಿ, ಸವೆದ ಕಾರ್ಬನ್ ಹಾಳೆಯನ್ನು ತಿರುಗಿಸಿಟ್ಟು, ಪೆನ್ನನ್ನು ಒತ್ತಿ ಹಿಡಿದು ಬರೆಯತೊಡಗಿದರು.