ಗೌರಿ ಓಡುವ ದಾರಿ

14 ಜೂನ್ 2025, ಶನಿವಾರ
ಬನಶಂಕರಿ, ಬೆಂಗಳೂರು

ರಾತ್ರಿ ಸುರಿದ ಮಳೆ ಬೆಳಗಿನ ಹೊತ್ತಿಗೆ ನಿಂತಿತ್ತು. ಬಾಗಿಲು ತೆರೆದ ಕೂಡಲೇ ನಮ್ಮ ನಾಯಿಗಳಾದ ಕರಿಯ, ಗೌರಿ ಇಬ್ಬರೂ ಹಿತ್ತಲಿಗೆ ನೆಗೆದು, ಕಾಂಪೌಂಡ್ ಗೋಡೆಯ ಗುಂಟ ನಾಲ್ಕು ಸುತ್ತು ಓಡಿ, ಕೆಂಪು ಕೆಸರಿನ ಕಾಲುಗಳಲ್ಲೇ ಅಡುಗೆಮನೆಗೆ ಬಂದರು. ನೆಲ ಒರೆಸುತ್ತಿರುವಾಗಲೇ, ಈ ಮುಂಗಾರಿನಲ್ಲಿ ಹಿತ್ತಲನ್ನು ಸರಿಪಡಿಸಲೇಬೇಕೆಂದು ನಿಶ್ಚಯಿಸಿದೆ.

ಕಳೆದ ಮಳೆಗಾಲದಲ್ಲಿ ನರ್ಸರಿಯೊಂದರಿಂದ ತಂದು ಹಾಸಿದ ಹುಲ್ಲು ಮೂರು ತಿಂಗಳೂ ಬಾಳಲಿಲ್ಲ. ಗೋಡೆಯ ಬದಿಯ ಮಣ್ಣು ಓಡಾಟಕ್ಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಇಷ್ಟು ಮಳೆ ಬಿದ್ದಮೇಲೂ ಮೇಲಿನ ಕೆಸರಿನಡಿ ಹಾರೆ ಎರಡು ಬೆರಳಿನಷ್ಟೂ ಇಳಿಯಲಿಲ್ಲ. ನೀರು ಇಂಗದೆ ನಿಲ್ಲುತ್ತದೆ. ಇಲಿಗಳು ಓಡಾಡುವ ಜಾಗದ ನಿಂತ ನೀರಿನಿಂದ ಇಲಿ ಜ್ವರ ನಾಯಿಗಳಿಗೂ ತಗಲುವುದರಿಂದ ನನಗೆ ಹುಲ್ಲಿಗಿಂತ ಅದರದೇ ಹೆಚ್ಚಿನ ಚಿಂತೆ. ಗೌರಿ ಮೂತ್ರ ಮಾಡುವ ಕಡೆ ಮಾತ್ರ ಬೇರೆಯದೇ ನೋಟ: ತಟ್ಟೆಯಗಲದ ಹುಲ್ಲು ಒಣಗಿ ಗರಿಗರಿಯಾಗಿದ್ದರೆ, ಅದರ ಸುತ್ತ ಬಳೆಯಂತೆ ಕಡುಹಸಿರು. ಮೂತ್ರದಲ್ಲಿರುವ ಸಾರಜನಕ ನಡುವೆ ಅತಿಯಾಗಿ ಸುಡುತ್ತದೆ, ಅಂಚಿನಲ್ಲಿ ತೆಳುವಾಗಿ ಗೊಬ್ಬರವಾಗುತ್ತದೆ. ಕೂಡಲೇ ಒಂದು ತಂಬಿಗೆ ನೀರು ಸುರಿದರೆ ಅಷ್ಟು ಸುಡುವುದಿಲ್ಲ.

ಹತ್ತು ಗಂಟೆಗೆ ಬಂದ ಮಾಲಿ ಎಲ್ಲವನ್ನೂ ನೋಡಿ, "ಅಮ್ಮ, ನಾಯಿ ಓಡೋ ದಾರಿ ನಾವು ಬದಲಾಯಿಸಕ್ಕಾಗಲ್ಲ. ಅಲ್ಲಿಗೆ ಕಲ್ಲು ಹಾಕ್ಬಿಡಿ, ಮಿಕ್ಕಿದ್ದಕ್ಕೆ ಹುಲ್ಲು ನೋಡೋಣ" ಎಂದರು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಯಿತು. ಬೀದಿಯ ಸದ್ದು ಕೇಳಿಸುವ ಗೋಡೆಯನ್ನು ಕಾಯುವುದು ನಾಯಿಗಳ ಸ್ವಭಾವ. ಅದನ್ನು ತಡೆದು ಹಸಿರು ಉಳಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಹೀಗಾಗಿ ಗೋಡೆಯ ಗುಂಟ ದೇವನಹಳ್ಳಿ ಕಡೆಯ ಸಾದಹಳ್ಳಿ ಕಲ್ಲಿನ ಚಪ್ಪಡಿಗಳನ್ನು ಮರಳಿನ ಮೇಲೆ ಹಾಸಿ, ನೀರು ಇಂಗಲು ಸಂದು ಬಿಡುವುದೆಂದಾಯಿತು. ಬಿಸಿಲು ಬೀಳುವ ಭಾಗಕ್ಕೆ ಗರಿಕೆ. ಬಳ್ಳಿಯಂತೆ ಹಬ್ಬಿ ತಾನೇ ಗಾಯ ಮುಚ್ಚಿಕೊಳ್ಳುವ, ಬೇಸಿಗೆಯಲ್ಲಿ ಒಣಗಿದರೂ ಮಳೆಗೆ ಮತ್ತೆ ಚಿಗುರುವ ಹುಲ್ಲು ಅದು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದ್ದನ್ನು ಕಂಡಮೇಲೆ, ದಿನವೂ ನೀರು ಬೇಡುವ ಹುಲ್ಲನ್ನು ಈ ಊರಿನಲ್ಲಿ ಹಾಕುವುದು ಸರಿಯೆನಿಸುವುದಿಲ್ಲ. ಮಾವಿನ ಮರದ ನೆರಳಿನಲ್ಲಿ ಗರಿಕೆ ಏಳುವುದಿಲ್ಲವಾದ್ದರಿಂದ ಅಲ್ಲಿ ತರಗೆಲೆಯ ಹೊದಿಕೆ ಸಾಕು.

ಗೊಬ್ಬರದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಮಾಲಿ ಹರಳು ಹಿಂಡಿಗೆ, ಅಂದರೆ ಹರಳೆಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಗೆ, ಮೂಳೆ ಪುಡಿ ಬೆರೆಸಿ ಹಾಕೋಣವೆಂದರು. ಹರಳು ಹಿಂಡಿಯಲ್ಲಿ ರೈಸಿನ್ ಎಂಬ ಘೋರ ವಿಷ ಉಳಿದಿರಬಹುದು. ಮೂಳೆಯ ವಾಸನೆಗೆ ನಾಯಿ ನೆಲ ಕೆದಕಿ ಅದನ್ನು ತಿಂದರೆ ಪ್ರಾಣಕ್ಕೇ ಅಪಾಯ. ನಾಯಿ ಸಾಕುವ ಪ್ರತಿಯೊಬ್ಬರೂ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಚೆನ್ನಾಗಿ ಕಳಿತ ಎಲೆಗೊಬ್ಬರವನ್ನಷ್ಟೇ ಹಾಕುತ್ತೇವೆ. ಮೂಲೆಯ ಕಣಗಿಲೆಯೂ ವಿಷವೇ ಆದ್ದರಿಂದ ಅದನ್ನು ಇಂದೇ ಬೇರುಸಹಿತ ಕೀಳಿಸಿದೆವು. ಅತ್ತೆಯವರು ಪೂಜೆಗೆ ಹೂ ಕೊಯ್ಯುತ್ತಿದ್ದ ಗಿಡವದು. ಅವರೇ ಮುಂದೆ ನಿಂತು ಕೀಳಿಸಿದರು.

ಸಂಜೆ ಚಪ್ಪಡಿಯ ಅಳತೆಗೆಂದು ರಂಗೋಲಿ ಪುಡಿಯಲ್ಲಿ ಎರಡು ಗೆರೆ ಎಳೆದೆ. ನನ್ನ ಅಂದಾಜು ಎರಡಡಿ. ಗೌರಿ ಓಡಿಬಂದು ಮೂಲೆಯಲ್ಲಿ ತಿರುಗುವಾಗ ಹೊರಗಿನ ಗೆರೆಯನ್ನು ಅಳಿಸಿಬಿಟ್ಟಳು. ಅಲ್ಲಿ ಮೂರಡಿ ಬೇಕು. ಕಲ್ಲು ಸೋಮವಾರ ಬರುತ್ತದೆ.