"ಅಂಥ ಮನೆ ಮಕ್ಕಳು ಏನ್ ಕಲೀತಾವ್ರೀ?" ಅನ್ನುವವರಿಗೆ

"ಮೇಡಂ, ಅಂಥ ಮನೆ ವಾತಾವರಣದಾಗೆ ಮಕ್ಕಳು ಏನ್ ಕಲೀತಾವ್ರೀ?"

ಇದನ್ನು ಮದುವೆ ಮನೆಯಲ್ಲಿ ಕೇಳುತ್ತಾರೆ. ಬಸ್ಸಿನಲ್ಲಿ ಕೇಳುತ್ತಾರೆ. ಬೆಣ್ಣೆ ದೋಸೆ ಬರುವುದು ತಡವಾದರೆ ಹೋಟೆಲಿನಲ್ಲಿ ಎದುರಿಗೆ ಕೂತವರೂ ಕೇಳುತ್ತಾರೆ. ನಾನು ದಾವಣಗೆರೆಯ ಹಳೇ ಭಾಗದ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದರಿಂದ ಮೂರನೇ ತರಗತಿ. 17 ವರ್ಷವಾಯಿತು. ಶಾಲೆಯ ಹಿಂದಿನ ಓಣಿಗಳಲ್ಲಿ ಮಂಡಕ್ಕಿ ಭಟ್ಟಿಗಳಿವೆ. ನನ್ನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯವರು ಅಲ್ಲೇ ದುಡಿಯುತ್ತಾರೆ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ "ಅಂಥ" ಅನ್ನುವ ಮಾತು ಬಿಡಿ. ಎಂಥ ಮನೆ? ನೀವು ನೋಡಿದ್ದೀರಾ? ಒಳಗೆ ಹೋಗಿದ್ದೀರಾ? ಮಂಡಕ್ಕಿ ಮಿರ್ಚಿ ತಿನ್ನುವಾಗ ಆ ಮಂಡಕ್ಕಿ ಎಲ್ಲಿಂದ ಬಂತು ಅಂತ ಒಂದು ದಿನ ಯೋಚಿಸಿದ್ದೀರಾ? ಅವರು ಹುರಿದದ್ದನ್ನು ತಿನ್ನೋಕೆ ಆಗುತ್ತೆ, ಅವರ ಮನೆ ಮಾತ್ರ "ಅಂಥ ಮನೆ" ಆಗುತ್ತೆ. ನನಗೆ ಸಿಟ್ಟು ಬರುವುದು ಇಲ್ಲೇ.

ಹೋದ ವರ್ಷ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ದೂರದ ಸಂಬಂಧಿಕರೊಬ್ಬರು. ಒಳ್ಳೆಯ ಮನುಷ್ಯರೇ. ಮಗನಿಗೆ ನಾಲ್ಕು ವರ್ಷ. ಅವನಿಗಾಗಿ ಬೇರೆ ರೂಮು ಮಾಡಿಸಿದ್ದಾರೆ, ಮೇಜು ತಂದಿದ್ದಾರೆ, ಗೋಡೆ ತುಂಬ ಎ ಬಿ ಸಿ ಡಿ ಹಾಳೆ ಅಂಟಿಸಿದ್ದಾರೆ. ಎಲ್ಲವನ್ನೂ ಫೋಟೋದಲ್ಲಿ ತೋರಿಸಿದರು. ಹುಡುಗ ಎಲೆ ಮುಂದೆ ಮೊಬೈಲ್ ನೋಡುತ್ತಾ ಕೂತಿದ್ದ, ಅವರಮ್ಮ ತುತ್ತು ಇಡುತ್ತಿದ್ದರು. ಹಪ್ಪಳ ಬಡಿಸಿದರು. ಅವನು ಒಂದು ಚೂರು ಕಚ್ಚಿದ. ಮೊಬೈಲಿನಿಂದ ತಲೆ ಎತ್ತಿ, "ಅಪ್ಪಾ, ಹಪ್ಪಳ ಯಾಕೆ ಕೂಗುತ್ತೆ?" ಅಂದ.

ನನಗೆ ಎಷ್ಟು ಖುಷಿಯಾಯಿತು ಅಂದರೆ, ಉತ್ತರ ಹೇಳೋಕೆ ನಾನೇ ಬಾಯಿ ತೆರೆದೆ. ಅಷ್ಟರಲ್ಲಿ ಅವರಪ್ಪ "ಸುಮ್ನೆ ತಿನ್ನು" ಅಂದರು. ಹುಡುಗ ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದ. ಅವರು ನನ್ನ ಕಡೆ ತಿರುಗಿ ಇದೇ ಪ್ರಶ್ನೆ ಕೇಳಿದರು. ಅಂಥ ಮನೆ, ಏನ್ ಕಲೀತಾವ್ರೀ.

ಅವತ್ತು ಸಾರು ಬಡಿಸುವವರು ಬಂದರು, ಮಾತು ತಪ್ಪಿತು. ಅವತ್ತು ಹೇಳಬೇಕಿದ್ದನ್ನು ಈಗ ಹೇಳುತ್ತೇನೆ.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಮನೆಯಲ್ಲಿ ಯಾರಿಗೂ ಓದು ಬರಹ ಬರುವುದಿಲ್ಲ. ಅಪ್ಪ ಅಮ್ಮ ಬೆಳಗಿನ ಜಾವ ಮೂರಕ್ಕೆ ಭಟ್ಟಿಗೆ ಹೋಗುತ್ತಿದ್ದರು. ಅವಳು ಅಜ್ಜಿ ಜೊತೆ ಇರುತ್ತಿದ್ದಳು. ಅಜ್ಜಿಗೆ ಅವರ ಮನೆಯಲ್ಲಿ ದಾದಿ ಅನ್ನುತ್ತಾರೆ. ಮಂಡಕ್ಕಿ ಹೇಗೆ ಮಾಡುತ್ತಾರೆ ಅಂತ ಒಂದು ದಿನ ನಮಗೆಲ್ಲ ಪಾಠ ಮಾಡಿದಳು. ಭತ್ತ ನೆನೆಸಬೇಕು, ಕುದಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಿಸಬೇಕು, ಉಪ್ಪುನೀರು ಹಾಕಬೇಕು, ಆಮೇಲೆ ಕಾದ ಮರಳಿನಲ್ಲಿ ಹುರಿಯಬೇಕು. ಒಂದೂ ಮೆಟ್ಟಿಲು ಬಿಡಲಿಲ್ಲ, ಹಿಂದೆ ಮುಂದೆ ಮಾಡಲಿಲ್ಲ. ಆರು ವರ್ಷದ ಮಗು.

ಕೊನೆಗೆ, "ಮಿಸ್, ಮರಳಿಗೆ ಸುಡಲ್ವಾ ಅಂತ ದಾದಿಗೆ ಕೇಳ್ದೆ" ಅಂದಳು.

"ಏನಂದ್ರು ದಾದಿ?"

"ಮರಳಿಗೆ ಅಭ್ಯಾಸ ಆಗೈತೆ, ನಿನಗೆ ಶಾಲೆ ಅಭ್ಯಾಸ ಆದಂಗೆ ಅಂದ್ರು."

ತರಗತಿಯೆಲ್ಲ ನಕ್ಕಿತು. ಉತ್ತರ ವಿಜ್ಞಾನದ ಲೆಕ್ಕದಲ್ಲಿ ತಪ್ಪೇ. ಆದರೆ ಮಗು ಕೇಳಿತು, ಮುದುಕಿ ಕಿವಿಗೊಟ್ಟರು, ಯೋಚಿಸಿ ತಿರುಗಿ ಹೇಳಿದರು. ಮಗು ಮರುದಿನ ಇನ್ನೊಂದು ಕೇಳುತ್ತದೆ. ನಾನು ಮನೆ ವಾತಾವರಣ ಅನ್ನುವುದು ಇದಕ್ಕೆ.

ಓದಿದವರು ನನ್ನ ಮುಂದೆ ಒಂದು ಅಮೆರಿಕದ ಅಧ್ಯಯನ ಇಡುತ್ತಾರೆ. ಬಡವರ ಮನೆ ಮಕ್ಕಳು ಶಾಲೆಗೆ ಬರುವ ಮೊದಲೇ 3 ಕೋಟಿ ಮಾತು ಕಡಿಮೆ ಕೇಳಿರುತ್ತಾರೆ ಅನ್ನುವುದು. 1995ರಲ್ಲಿ ಬಂದ ಆ ಲೆಕ್ಕ ಬರೀ 42 ಕುಟುಂಬಗಳದ್ದು. ಅದರಲ್ಲಿ ತೀರಾ ಬಡ ಕುಟುಂಬಗಳು ಆರೇ ಆರು. 2018ರಲ್ಲಿ ಬೇರೆಯವರು ಐದು ಕಡೆ ಮತ್ತೆ ಲೆಕ್ಕ ಹಾಕಿದಾಗ ಆ ಅಂತರ ಹಾಗೆ ಕಾಣಲಿಲ್ಲ. ಅಜ್ಜಿ, ಅಕ್ಕ, ಅಕ್ಕಪಕ್ಕದವರ ಮಾತನ್ನೂ ಸೇರಿಸಿದರೆ ಎಷ್ಟೋ ಬಡ ಮನೆಗಳಲ್ಲಿ ಮಾತು ತುಂಬಿ ತುಳುಕುತ್ತಿತ್ತು. ನಮ್ಮ ಓಣಿ ನೋಡಿದವರಿಗೆ ಇದನ್ನು ಬೇರೆ ಹೇಳಬೇಕೇ? ಅದೇ ವರ್ಷ ಇನ್ನೊಂದು ಅಧ್ಯಯನ ಬಂತು. ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮೇಲೆ ಮಾಡಿದ್ದು. ಮಗು ಎಷ್ಟು ಮಾತು ಕೇಳಿತು ಅನ್ನುವುದಕ್ಕಿಂತ, ದೊಡ್ಡವರ ಜೊತೆ ಎಷ್ಟು ಸಲ ಮಾತು ಕೊಟ್ಟು ತೆಗೆದುಕೊಂಡಿತು ಅನ್ನುವುದೇ ಮಿದುಳಿನ ಭಾಷೆಯ ಭಾಗದಲ್ಲಿ ಎದ್ದು ಕಂಡಿತು. ಅಪ್ಪ ಅಮ್ಮನ ಸಂಬಳ ಎಷ್ಟೇ ಇರಲಿ.

ಹಾಗಂತ ಮನೆಯಿಂದ ಏನೂ ವ್ಯತ್ಯಾಸ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಆಗುತ್ತದೆ. ಒಬ್ಬ ಹುಡುಗ ದಿನವಿಡೀ ಬಾಗಿಲ ಕಡೆಯೇ ನೋಡುತ್ತಿದ್ದ. ರಾತ್ರಿ ಅಪ್ಪ ಕುಡಿದು ಬಂದು ಹೊಡೆಯುತ್ತಿದ್ದರು. ಆ ಮಗುವಿನ ಕಿವಿ ಪಾಠದ ಮೇಲೆ ಇರಲಿಲ್ಲ, ಹೊರಗಿನ ಹೆಜ್ಜೆ ಸದ್ದಿನ ಮೇಲಿತ್ತು. ಹೆದರಿದ ಮಗುವಿಗೆ ಅಕ್ಷರ ಹತ್ತುವುದಿಲ್ಲ. ಹಸಿದ ಮಗುವಿಗೂ ಅಷ್ಟೇ. ಇಂಥ ಹೊಡೆತ ದೊಡ್ಡ ಬಂಗಲೆಗಳಲ್ಲೂ ಇರುತ್ತದೆ. ಅಲ್ಲಿ ಗೋಡೆ ದಪ್ಪ, ಆಚೆ ಕೇಳಿಸುವುದಿಲ್ಲ.

ಇನ್ನು ನನ್ನ ತಪ್ಪೊಂದನ್ನು ಹೇಳಬೇಕು. ಇದನ್ನು ಹೇಳದೆ ಉಳಿದದ್ದೆಲ್ಲ ಬರೆದರೆ ಸುಳ್ಳಾಗುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಮನೆಮಾತು ಉರ್ದು, ನಮ್ಮದು ಕನ್ನಡ ಶಾಲೆ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವರಮ್ಮನನ್ನು ಕರೆಸಿ ಹೇಳಿದೆ, "ಮನೇಲಿ ಕನ್ನಡದಾಗೇ ಮಾತಾಡ್ಸಿ. ಇಲ್ಲಾಂದ್ರೆ ಹಿಂದೆ ಬೀಳ್ತಾನೆ." ಆಕೆ ತಲೆಯಾಡಿಸಿ ಹೋದರು. ಎರಡು ತಿಂಗಳು ಕಳೆಯಿತು. ಹುಡುಗ ಇನ್ನೂ ಮಂಕಾದ. ಒಂದು ಭಾನುವಾರ ಅವರ ಮನೆಗೆ ಹೋದೆ. ಆಕೆ ಮೆಲ್ಲಗೆ ಅಂದರು, "ನೀವೇ ಹೇಳಿದ್ರಲ್ಲ ಮಿಸ್. ನಂಗೆ ಕನ್ನಡ ಅಂಗಡಿಗೆ ಬೇಕಾದಷ್ಟೇ ಬರೋದು. ಬಾ, ಉಣ್ಣು, ಮಲ್ಕೋ. ಅಷ್ಟೇ ಮಾತಾಡ್ತೀನಿ ಈಗ. ರಾತ್ರಿ ಕಥೆ ಹೇಳ್ತಿದ್ದೆ, ಬಿಟ್ಟೆ."

ಒಂದು ಮನೆಯ ಮಾತನ್ನು ನಾನು ನಿಲ್ಲಿಸಿದ್ದೆ. ಮಗುವಿನ ಒಳ್ಳೆಯದಕ್ಕೆ ಅಂತ.

ಅಲ್ಲೇ ಕೂತು ಆಕೆಯ ಕೈ ಹಿಡಿದು ಹೇಳಿದೆ, "ತಪ್ಪಾಯ್ತು ಕಣಮ್ಮ. ನಿಮ್ಮ ಮಾತಲ್ಲೇ ಕಥೆ ಹೇಳಿ. ಕನ್ನಡ ಕಲಿಸೋದು ನನ್ನ ಕೆಲಸ, ನಿಮ್ಮದಲ್ಲ." ತನ್ನ ಮನೆಮಾತಿನಲ್ಲಿ ಕಥೆ ಕೇಳಿದ ಮಗುವಿಗೆ ಕಥೆಗೆ ಮೊದಲು ಕೊನೆ ಇರುತ್ತದೆ ಅಂತ ಗೊತ್ತಿರುತ್ತದೆ, ಕಾರಣ ಹುಡುಕುವುದು ಗೊತ್ತಿರುತ್ತದೆ. ಅದನ್ನು ಇನ್ನೊಂದು ಭಾಷೆಗೆ ತರುವುದು ಆಮೇಲಿನ ಕೆಲಸ. ಕಡಿಮೆ ಅಂದರೂ ಐದನೇ ತರಗತಿವರೆಗೆ ಸಾಧ್ಯವಾದ ಕಡೆಯೆಲ್ಲ ಮನೆಮಾತಿನಲ್ಲೇ ಕಲಿಸಿ ಅಂತ 2020ರ ಶಿಕ್ಷಣ ನೀತಿಯಲ್ಲೂ ಬರೆದಿದೆ. ದಸರಾ ರಜೆ ಮುಗಿಸಿ ಬಂದ ಹುಡುಗ ಒಂದು ನರಿಯ ಕಥೆ ಹೇಳಿದ. ಅರ್ಧ ಉರ್ದು, ಅರ್ಧ ಕನ್ನಡ. ನರಿ ಮಾತ್ರ ಪೂರ್ತಿ ಕನ್ನಡ ಮಾತಾಡಿತು.

ಈಗ ಇಂಗ್ಲಿಷಿನಲ್ಲೇ ಮಗುವಿನ ಜೊತೆ ಮಾತಾಡಬೇಕು ಅಂತ ಕಷ್ಟಪಡುವ ನನ್ನ ಪರಿಚಯದ ಅಪ್ಪ ಅಮ್ಮಂದಿರಿಗೂ ಇದನ್ನೇ ಹೇಳುತ್ತೇನೆ. "ಕಮ್, ಈಟ್, ಸ್ಲೀಪ್" ಅನ್ನುವುದೂ ಆ ಬಾ, ಉಣ್ಣು, ಮಲ್ಕೋ ಅಷ್ಟೇ ಅಲ್ವಾ?

ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ತಾಯಿಗೆ ಮಗುವಿನ ಜೊತೆ ಕೂರೋಕೆ ಎಷ್ಟು ಹೊತ್ತು ಸಿಗುತ್ತದೆ? ಇದನ್ನು ಕೇಳಿ, ನಿಮ್ಮ ಜೊತೆ ಸಂಜೆವರೆಗೆ ಮಾತಾಡುತ್ತೇನೆ. ಮೂರಕ್ಕೆ ಎದ್ದು ಹೊಗೆಯಲ್ಲಿ ನಿಂತು ಬಂದ ಹೆಂಗಸು ಮಧ್ಯಾಹ್ನ ಅಡುಗೆ ಮಾಡಿ, ನೀರು ಹಿಡಿದು ಮುಗಿಸುವಷ್ಟರಲ್ಲಿ ಕಣ್ಣು ಮುಚ್ಚುತ್ತಿರುತ್ತವೆ. ಪ್ರೀತಿ ಕಡಿಮೆ ಇಲ್ಲ. ತ್ರಾಣ ಇಲ್ಲ. ಅಂಗನವಾಡಿ ಯೋಜನೆ ಶುರುವಾಗಿದ್ದು 1975ರಲ್ಲಿ. ನಮ್ಮ ಮಕ್ಕಳಿಗೆ ಅದರಿಂದ ಆದ ಒಳ್ಳೆಯದು ಸಣ್ಣದಲ್ಲ. ಆದರೆ ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಭಟ್ಟಿಯ ಕೆಲಸ ಅರ್ಧ ಮುಗಿದಿರುತ್ತದೆ. ನರೇಗಾ ಕೆಲಸಕ್ಕೆ ಹೋಗುವವರ ಕೂಸುಗಳಿಗೆ ಅಂತ ಹಳ್ಳಿಗಳಲ್ಲಿ "ಕೂಸಿನ ಮನೆ" ಬಂದಿವೆ. ನಮ್ಮ ಭಟ್ಟಿ ಓಣಿಗೂ ಒಂದು ಬೇಕು, ಬೆಳಗಿನ ಜಾವಕ್ಕೇ ತೆರೆಯುವಂಥದ್ದು.

ಕೈಗೊಂದು ಆಸರೆ ಸಿಕ್ಕರೆ ಬಡ ಮನೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಜಮೈಕಾದ ಲೆಕ್ಕ ಇದೆ. 1980ರ ದಶಕದಲ್ಲಿ ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಓಣಿಗಳಲ್ಲಿ, ಸರಿಯಾಗಿ ಬೆಳೆಯದ ಪುಟ್ಟ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆ ಹೋಗುತ್ತಿದ್ದರು. ಎರಡು ವರ್ಷ ಹೋದರು. ಮನೆಯಲ್ಲಿರುವ ಸಾಮಾನಿನಿಂದಲೇ ಆಟಿಕೆ ಮಾಡಿ, ಮಗುವಿನ ಜೊತೆ ಹೇಗೆ ಆಡುವುದು, ಮಾತಾಡುವುದು ಅಂತ ತಾಯಂದಿರಿಗೆ ತೋರಿಸಿದರು. 20 ವರ್ಷದ ಮೇಲೆ ನೋಡಿದರೆ, ಅಂಥದ್ದೇ ಬೇರೆ ಮಕ್ಕಳಿಗಿಂತ ಈ ಮಕ್ಕಳ ದುಡಿಮೆ ಸುಮಾರು 25 ಶೇಕಡಾ ಜಾಸ್ತಿ ಇತ್ತು. "ನಿಮ್ಮ ಮನೆ ಸರಿ ಇಲ್ಲ" ಅಂತ ಆ ತಾಯಂದಿರಿಗೆ ಬೈದು ಆದದ್ದಲ್ಲ ಇದು.

ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಮೊದಲೆಲ್ಲ ಬೆಳಗ್ಗೆ ಹನ್ನೊಂದಕ್ಕೆ ಇರುತ್ತಿತ್ತು. ನಾಲ್ಕೈದು ಜನ ಬರುತ್ತಿದ್ದರು. "ಇವರಿಗೆ ಮಕ್ಕಳ ಮೇಲೆ ಕಾಳಜಿಯೇ ಇಲ್ಲ" ಅಂತ ನಾವೂ ಅಂದುಕೊಂಡಿದ್ದೆವು. ಈಗ ಸಂಜೆ ನಾಲ್ಕೂವರೆಗೆ ಮಾಡುತ್ತೇವೆ. ಭಟ್ಟಿಯಿಂದ ಬಂದು, ಒಂದು ನಿದ್ದೆ ಮುಗಿಸಿ, ಮುಖ ತೊಳೆದುಕೊಂಡು ಬರುತ್ತಾರೆ. ಕಳೆದ ಸಲ 31 ಜನ ಬಂದಿದ್ದರು. ಚಾಪೆ ಸಾಲದೆ ಅಡುಗೆ ಮನೆಯಿಂದ ಗೋಣಿಚೀಲ ತಂದು ಹಾಸಿದೆವು.